ವಿನ್ನಿಯ ಹತ್ತನೆಯವರು

ವಿನ್ನಿ ಆರ್ಮರಾಡ್ ಮೂವತ್ತೆಂಟು ವರ್ಷ ಬಿಸ್ಕತ್ತು ಕಾರ್ಖಾನೆಯಲ್ಲಿ ಬೆಲ್ಟಿನ ಪಕ್ಕ ಕೂತು, ಪ್ರತಿ ನಲವತ್ತನೆಯ ಬಿಸ್ಕತ್ತನ್ನು ಎತ್ತಿ ಮುರಿದು ನೋಡಿದವಳು. ನಲವತ್ತನೆಯದು ಎಂದರೆ ನಲವತ್ತನೆಯದೇ. ಮೂವತ್ತೊಂಬತ್ತನೆಯದು ಸೀದು ಕರಕಲಾಗಿದ್ದರೂ ಅವಳ ಕೈ ಅತ್ತ ಹೋಗದು. "ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತೋದಾದ್ರೆ ಅದು ತಪಾಸಣೆ ಅಲ್ಲ, ತಿಂಡಿ" ಎನ್ನುತ್ತಾಳೆ. ಎಪ್ಪತ್ತೊಂದರ ಹೆಂಗಸನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ನಮ್ಮೂರು ಹಾಲ್ಡೆನ್ನಿನಲ್ಲಿ ಮೇಯರರನ್ನೂ ಹೆಸರು ಹಿಡಿದೇ ಕರೆಯುವುದು, ಮಾತಾಡಿಸಿದವರೆಲ್ಲ ಪರಸ್ಪರ 'ಚಿನ್ನಾ'.

ಕಾರ್ಖಾನೆ ಬಿಟ್ಟ ಮೇಲೆ ವಿನ್ನಿ ಬಿಸ್ಕತ್ತಿನ ಬದಲು ಮತದಾರರನ್ನು ಎತ್ತತೊಡಗಿದಳು. ಸಂಸತ್ತಿನ ಚುನಾವಣೆ ಬಂದಾಗಲೆಲ್ಲ ನಮ್ಮ ಪ್ರಾಥಮಿಕ ಶಾಲೆಯ ಮತಗಟ್ಟೆಯ ಹೊರಗೆ ಬೆಳಿಗ್ಗೆ ಏಳಕ್ಕೇ ಹಾಜರು. ಮತ ಹಾಕಿ ಹೊರಬರುವ ಪ್ರತಿ ಹತ್ತನೆಯವರಿಗೆ ಅಸಲಿಯಂತೆಯೇ ಇರುವ ಒಂದು ನಕಲು ಮತಪತ್ರ ಕೊಡುತ್ತಾಳೆ. ಅವರು ಒಳಗೆ ಹಾಕಿದ್ದನ್ನೇ ಮರೆಯಲ್ಲಿ ಇನ್ನೊಮ್ಮೆ ಗುರುತು ಹಾಕಿ ಅವಳ ಪೆಟ್ಟಿಗೆಗೆ ಇಳಿಸಬೇಕು. ಒಲ್ಲೆ ಎಂದರೆ ಗಂಡೋ ಹೆಣ್ಣೋ, ವಯಸ್ಸು ಸುಮಾರೆಷ್ಟು ಎಂದು ಬರೆದುಕೊಂಡು ಮುಂದಿನ ಹತ್ತಕ್ಕೆ ಕಾಯುತ್ತಾಳೆ. "ನನ್ನನ್ನ ಕೇಳಿ, ನಾನು ಹೇಳ್ತೀನಿ" ಎಂದು ಮೇಲೆ ಬೀಳುವವರು ಪ್ರತಿ ಸಲವೂ ಇರುತ್ತಾರೆ. "ನೀನು ಮೂರನೆಯವಳು ಚಿನ್ನಾ, ಬಸ್ಸು ತಪ್ಪೀತು, ನಡಿ" ಎಂದು ಸಾಗಹಾಕುತ್ತಾಳೆ.

ಹೀಗೆ ದೇಶದ ನೂರಾರು ಬಾಗಿಲುಗಳಲ್ಲಿ ತುಂಬಿದ ಪೆಟ್ಟಿಗೆಗಳಿಂದಲೇ ರಾತ್ರಿ ಹತ್ತಕ್ಕೆ ಟಿವಿಯವರು ಎಕ್ಸಿಟ್ ಪೋಲ್ ಎಂದು ಘೋಷಿಸುವುದು. ಗುಟ್ಟೆಲ್ಲ ಒಂದೇ: ಅದೇ ಬಾಗಿಲು. ಹೋದ ಸಲ ಈ ಬಾಗಿಲಲ್ಲಿ ಯಾವ ಪಕ್ಷಕ್ಕೆ ಎಷ್ಟಿತ್ತು, ಈ ಸಲ ಎತ್ತ ಎಷ್ಟು ವಾಲಿತು ಎಂಬುದೇ ಲೆಕ್ಕ. ಬಾಗಿಲು ಕೆಟ್ಟರೆ ಹೋಲಿಕೆಯೂ ಕೆಟ್ಟಿತು.

ಐದು ಚುನಾವಣೆ ಆ ಬಾಗಿಲು ಅವಳದಾಗಿತ್ತು. ಆರನೆಯದಕ್ಕೆ ಮುಂಚೆ ಸಮೀಕ್ಷೆಯ ಕಚೇರಿಯಿಂದ ನಯವಾದ ಪತ್ರವೊಂದು ಬಂತು: ವಯಸ್ಸಿನ ದೃಷ್ಟಿಯಿಂದ ಈ ಸಲದ ಕೆಲಸ ನೋಡಿಕೊಂಡು ಮುಂದಿನ ತೀರ್ಮಾನ ಮಾಡಲಾಗುವುದು. "ಪೆಟ್ಟಿಗೆ ತಿರಸ್ಕಾರ ಆದ್ರೆ ನಾನೂ ತಿರಸ್ಕಾರ" ಎಂದು ವಿನ್ನಿ ಪತ್ರ ಮಡಚಿ ಟೀ ಡಬ್ಬಿಯ ಕೆಳಗಿಟ್ಟಳು.

ಚುನಾವಣೆಯ ದಿನ ಶಾಲೆಯ ಮುಂಬಾಗಿಲ ಪಕ್ಕ ಎಂದಿನಂತೆ ಎರಡು ಮಡಿಸುವ ಕುರ್ಚಿ. ಒಂದರಲ್ಲಿ ಎದೆಗೆ ಎಡಪಂಥದ ಕೆಂಪು ರಿಬ್ಬನ್ ಹೂ ಚುಚ್ಚಿಕೊಂಡ ನಿವೃತ್ತ ಬಸ್ ಚಾಲಕ ಕ್ಲಿಫರ್ಡ್, ಇನ್ನೊಂದರಲ್ಲಿ ಬಲಪಂಥದ ನೀಲಿ ಹೂವಿನ ರೋಸಲಿಂಡ್. ಒಳಹೋಗುವವರ ಮತದಾರ ಸಂಖ್ಯೆ ಕೇಳಿ ಬರೆದುಕೊಳ್ಳುವುದು ಇಬ್ಬರ ಕೆಲಸ. ಗಂಟೆಗೊಮ್ಮೆ ಆ ಹಾಳೆ ಅವರವರ ಪಕ್ಷದ ಕಚೇರಿಗೆ ಹೋಗುತ್ತದೆ. ಅಲ್ಲಿ ತಮ್ಮವರಲ್ಲಿ ಯಾರು ಬಂದಾಯಿತೋ ಅವರ ಹೆಸರು ಹೊಡೆದುಹಾಕುತ್ತಾರೆ. ಉಳಿದ ಸೋಮಾರಿಗಳ ಬಾಗಿಲು ಸಂಜೆ ತಟ್ಟುತ್ತಾರೆ. ಇಬ್ಬರೂ ಬದ್ಧ ವಿರೋಧಿಗಳು. ಆದರೆ ಒಬ್ಬರು ಟಾಯ್ಲೆಟ್ಟಿಗೆ ಹೋದರೆ ಇನ್ನೊಬ್ಬರು ಅವರ ಹಾಳೆಯನ್ನೂ ತುಂಬುತ್ತಾರೆ, ಒಂದು ಸಂಖ್ಯೆಯನ್ನೂ ನುಂಗದೆ. ಮೂತ್ರಕೋಶಕ್ಕೆ ಪಕ್ಷವಿಲ್ಲ.

ಒಂಬತ್ತರ ಹೊತ್ತಿಗೆ ನಾನು ಮತ ಹಾಕಿ, ಕಾಗದದ ತಟ್ಟೆಯಲ್ಲಿ ನಿಂಬೆ ಕೇಕ್ ಹಿಡಿದು, ಓಣಿ ಸುತ್ತಿಕೊಂಡು ಅವಳ ಮುಂದೆ ಹಾದೆ.

"ನಿಲ್ಲು!" ಎಂದಳು ವಿನ್ನಿ. "ನೀನು ಒಳಗೆ ಹೋದದ್ದು ನೋಡಿದೆ. ಹೊರಗೆ ಬಂದದ್ದು ನೋಡ್ಲಿಲ್ಲ. ಎಲ್ಲಿಂದ ಉದುರಿದೆ?"

"ಹಿಂದಿನ ಬಾಗಿಲಿಂದ. ಬೆರಿಲ್ ಅಲ್ಲಿ ಕೇಕ್ ಮಾರ್ತಿದಾಳೆ, ಶಾಲೆ ಮಾಡಿನ ರಿಪೇರಿಗೆ."

ವಿನ್ನಿ ಕ್ಲಿಫರ್ಡನತ್ತ ತಿರುಗಿದಳು. "ನಿನ್ನ ಹಾಳೇಲಿ ಎಷ್ಟು ಜನ ಒಳಗೆ ಹೋಗಿದಾರೆ?"

"ನೂರಾ ಮೂವತ್ತೆಂಟು."

"ನಂದೂ ಅಷ್ಟೇ. ಸಂಖ್ಯೆ ಹೇಳದೆ ಮುಖ ತಿರುಗಿಸ್ಕೊಂಡು ಹೋದವರು ಬೇರೆ" ಎಂದಳು ರೋಸಲಿಂಡ್.

"ನನ್ನ ಮುಂದೆ ಹೊರಗೆ ಬಂದವರು ಎಪ್ಪತ್ನಾಲ್ಕು."

ಕ್ಲಿಫರ್ಡ್ ಬೆರಳು ಮಡಚಿ ಕಳೆದ. "ಹಾಗಾದ್ರೆ ಅರವತ್ನಾಲ್ಕು ಜನ ಒಳಗೇ ಸಂಸಾರ ಹೂಡಿದಾರೆ."

"ಸಂಸಾರ ಅಲ್ಲ, ಕೇಕು" ಎಂದಳು ವಿನ್ನಿ. ಹಿಂಬಾಗಿಲ ರಾಜಕೀಯ ಎಂದು ನಾವೆಲ್ಲ ಬೈಯುವುದುಂಟು. ಅಂದು ಅದನ್ನು ಬಾಯಿ ತುಂಬ ಮೆಲ್ಲುತ್ತ ನಿಂತವಳು ನಾನೇ.

ಅಷ್ಟರಲ್ಲಿ ಸಮೀಕ್ಷೆಯ ಕಚೇರಿಯಿಂದ ಫಿಯೋನಾಳ ಫೋನು. ಮೊದಲ ಅಂಕಿ ಕೇಳಲು ಮಾಡಿದ್ದಳು. ವಿನ್ನಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಅಯ್ಯೋ, ಗಾಬರಿ ಬೇಡಿ ವಿನ್ನಿ. ಇನ್ನೆರಡು ಗಂಟೆ ಐದಕ್ಕೊಬ್ಬರನ್ನ ಕೇಳ್ಬಿಡಿ. ಕೊರತೆ ತುಂಬತ್ತೆ."

"ಬೆಳಿಗ್ಗೆ ಏಳಕ್ಕೆ ಬಂದವರು ಪಾಳಿ ಕೆಲಸದವರು, ಚಿನ್ನಾ. ಹತ್ತು ಗಂಟೆಗೆ ಬರೋರು ನಾಯಿ ಅಡ್ಡಾಡಿಸೋರು. ಇವರನ್ನ ಎರಡೆರಡು ಸಲ ಎಣಿಸಿದ್ರೆ ಅವರು ಬಂದ ಹಾಗಾಗತ್ತಾ?"

"ಆದ್ರೆ ಪೆಟ್ಟಿಗೇನೇ ಪಕ್ಕಕ್ಕಿಟ್ರೆ... ಪತ್ರ ಬಂದಿದೆಯಲ್ಲ ನಿಮಗೆ?"

"ಬಂದಿದೆ. ಓದಕ್ಕೂ ಬರತ್ತೆ. ಮೊದಲ ಎರಡು ಗಂಟೆ ಹಾಳಾಗಿದೆ ಅಂತ ಬರಕೋ. ಕಾರಣ, ಕೇಕ್. ಇನ್ನು ಹತ್ತು ನಿಮಿಷದಲ್ಲಿ ಬಾಗಿಲು ಸರಿ ಮಾಡ್ತೀನಿ." ಫೋನು ಜೇಬಿಗಿಳಿಯಿತು.

ಬೆರಿಲ್ ಬ್ರಾಡ್‌ಬೆಂಟ್ ಪೋಷಕರ ಸಂಘದ ಅಧ್ಯಕ್ಷೆ. ಅವಳೆದುರು ಮುಖ್ಯೋಪಾಧ್ಯಾಯರೂ ಕೈಕಟ್ಟಿ ನಿಲ್ಲುತ್ತಾರೆ. ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡೇ ವಿನ್ನಿ ಹಿತ್ತಿಲಿಗೆ ನಡೆದಳು.

"ಮೇಜು ಮುಂದಕ್ಕೆ ತಗೋ ಬೆರಿಲ್."

"ಮುಂದೆ ಬಿಸಿಲು. ಕ್ರೀಮ್ ಕರಗತ್ತೆ. ನಿನ್ನ ಟಿವಿಯವರಿಗಿಂತ ಮಕ್ಕಳ ತಲೆ ಮೇಲಿನ ಮಾಡು ಮುಖ್ಯ."

"ಹೌದು, ಮುಖ್ಯ. ಅದಕ್ಕೇ ಬಂದೆ. ಈ ಬಾಗಿಲಿಂದ ಅರವತ್ನಾಲ್ಕು ಜನ ಹೋಗಿದಾರೆ. ಮುಂಬಾಗಿಲಿಂದ ಎಪ್ಪತ್ನಾಲ್ಕು ಜನ ನಿನ್ನ ಕೇಕಿನ ವಾಸನೆ ಕೂಡ ನೋಡ್ದೆ ಹೋದ್ರು."

ಬೆರಿಲ್‌ಳ ಚಾಕು ಕೇಕಿನ ಅರ್ಧದಲ್ಲೇ ನಿಂತಿತು. "ಎಪ್ಪತ್ನಾಲ್ಕಾ?"

"ಒಂದು ಕಮ್ಮಿ ಇಲ್ಲ. ನನ್ನ ಎಣಿಕೆ ನಿನಗೆ ಗೊತ್ತಲ್ಲ. ಆದ್ರೆ ಒಂದು ಷರತ್ತು. ನಿನ್ನ ಮೇಜು ನನ್ನಿಂದ ಇಪ್ಪತ್ತು ಹೆಜ್ಜೆ ಆಚೆ, ಗೇಟಿನ ಹತ್ರ. ಮೊದಲು ನನ್ನ ಚೀಟಿ, ಆಮೇಲೆ ನಿನ್ನ ಕೇಕು. ಬಾಯಿ ಸಿಹಿ ಮಾಡಿ ಮತ ಕೇಳಿದಳು ಅಂತ ನನಗೆ ಹೆಸರು ಬರಬಾರದು."

ಬೆರಿಲ್ ಏಪ್ರನ್ ಕೊಡವಿ, ಮೊದಲ ಕೇಕನ್ನು ತಾನೇ ಎತ್ತಿಕೊಂಡಳು.

ಒಳಗಿನ ಮತಗಟ್ಟೆ ಅಧಿಕಾರಿ ಹಿಂಬಾಗಿಲಿಗೆ 'ತುರ್ತಿಗೆ ಮಾತ್ರ' ಎಂದು ಬರೆದು ಅಂಟಿಸಿದರು. ಮೇಜು ಹೊರಲು ಕ್ಲಿಫರ್ಡ್ ಒಂದು ತುದಿ, ರೋಸಲಿಂಡ್ ಒಂದು ತುದಿ. ಅಷ್ಟು ಹೊತ್ತು ಇಬ್ಬರ ಹಾಳೆಯೂ ನನ್ನ ತೊಡೆಯ ಮೇಲೆ. ತಪ್ಪಿಗೆ ದಂಡವೆಂದು ಕೂತು ಸಂಖ್ಯೆ ಬರೆದೆ. ಓಣಿಯ ಸಣ್ಣ ಗೇಟಿನಲ್ಲಿ ಮೇಜು ಸಿಕ್ಕಿಕೊಂಡಿತು.

"ಸ್ವಲ್ಪ ಎಡಕ್ಕೆ!" ಎಂದ ಕ್ಲಿಫರ್ಡ್.

"ನಲವತ್ತು ವರ್ಷದಿಂದ ಅದನ್ನೇ ಹೇಳ್ತಿದೀಯ. ಬಲಕ್ಕೆ ಬಾ!"

"ನೀವಿಬ್ಬರೂ ನಿಮ್ಮ ಸಿದ್ಧಾಂತ ಇಳಿಸಿ, ಮೇಜು ಎತ್ತಿ" ಎಂದು ವಿನ್ನಿ ಕೂಗಿದಳು. ಎತ್ತಿದರು. ಮೇಜು ಗೇಟಿನ ಮೇಲಿಂದ ದಾಟಿತು.

ಆಮೇಲೆ ಜನ ಕೇಕಿನ ಆಸೆಗೆ ಮುಂಬಾಗಿಲಿಂದಲೇ ಸಾಲಾಗಿ ಬಂದರು. ವಿನ್ನಿಯ ತುಟಿ ಮಾತ್ರ ಅಲುಗುತ್ತಿತ್ತು: ಏಳು, ಎಂಟು, ಒಂಬತ್ತು. ಒಬ್ಬ ಹತ್ತನೆಯ ಮುದುಕ "ನನ್ನ ಹೆಂಡತಿಗೇ ಹೇಳಿಲ್ಲ, ನಿನಗೆ ಹೇಳ್ತೀನಾ?" ಎಂದ. ಗಂಡು, ಎಂಬತ್ತರ ಆಸುಪಾಸು, ಒಲ್ಲೆ ಎಂದರು ಎಂದು ಬರೆದಳು. ಹಿಂದೆಯೇ ಇದ್ದ ಅವನ ಹೆಂಡತಿ "ನಾನು ಹೇಳ್ತೀನಿ, ಇಬ್ಬರದೂ!" ಎಂದು ಮುಂದೆ ಬಂದಳು. ಅವಳು ಒಂದನೆಯವಳು. ಗಂಟೆಗೊಮ್ಮೆ ವಿನ್ನಿ ತನ್ನ ಎಣಿಕೆಯನ್ನು ಆ ಇಬ್ಬರ ಹಾಳೆಯ ಜೊತೆ ಹೋಲಿಸಿದಳು. ವ್ಯತ್ಯಾಸ ನಾಲ್ಕನ್ನು ದಾಟಲಿಲ್ಲ.

ಸಂಜೆ ಆರಕ್ಕೆ ಫಿಯೋನಾಳ ಫೋನು ಮತ್ತೆ ಬಂತು. ಈ ಸಲ ಸ್ವರವೇ ಬೇರೆ. "ಮೊದಲ ಎರಡು ಗಂಟೆ ಬಿಟ್ಟು ಉಳಿದದ್ದೆಲ್ಲ ತಗೊಂಡಿದಾರೆ, ವಿನ್ನಿ. ಹೋದ ಸಲದ್ದರಲ್ಲೂ ಆ ಎರಡು ಗಂಟೆ ಬಿಟ್ಟು ಹೋಲಿಸಿದಾರೆ. ಐದಕ್ಕೊಬ್ಬರನ್ನ ಕೇಳಿದ್ರೆ ಇಡೀ ಪೆಟ್ಟಿಗೆ ಹೋಗ್ತಿತ್ತಂತೆ. ನಾನು ಹಾಗೆ ಹೇಳಿದ್ದು..."

"ಯಾವುದು? ನನಗೇನೂ ಕೇಳಿಸ್ಲಿಲ್ಲ, ಚಿನ್ನಾ. ಇಲ್ಲಿ ಗಾಳಿ ಜಾಸ್ತಿ."

ಫೋನಿಟ್ಟದ್ದೇ ಕ್ಲಿಫರ್ಡ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಮರುಕ್ಷಣ ರೋಸಲಿಂಡಳದ್ದೂ. "ನಮಗೆ ಮಾತ್ರ ಹೇಳು. ಯಾರು ಮುಂದೆ?"

"ನಿಂಬೆ" ಎಂದಳು ವಿನ್ನಿ. "ಹನ್ನೊಂದೂವರೆಗೇ ಖಾಲಿ. ಚಾಕೊಲೇಟಿನದು ಠೇವಣಿ ಉಳಿಸ್ಕೊಂಡಿದೆ."

ಮುಂದಿನ ಚುನಾವಣೆಗೆ ಬಂದ ಪತ್ರದಲ್ಲಿ ವಯಸ್ಸಿನ ಮಾತಿರಲಿಲ್ಲ. ಮತಗಟ್ಟೆಯ ಹೆಸರಿನ ಮುಂದೆ ಎಂದಿನಂತೆ ಅವಳ ಹೆಸರಿತ್ತು. ಸೂಚನೆಗಳ ಹಾಳೆಯಲ್ಲಿ ಮಾತ್ರ ಹೊಸದೊಂದು ಸಾಲು: ಕೇಕ್ ಮಾರಾಟ ಇದೆಯೇ, ಯಾವ ಬಾಗಿಲಲ್ಲಿ ಎಂದು ಹಿಂದಿನ ದಿನವೇ ವಿಚಾರಿಸತಕ್ಕದ್ದು. ವಿನ್ನಿ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ನನಗೆ ತೋರಿಸಿದಳು.

ಆ ಸಲ ನಾನು ಮತ ಹಾಕಿ ತಪ್ಪದೆ ಮುಂಬಾಗಿಲಿಂದಲೇ ಬಂದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹತ್ತನೆಯವಳಾಗಿರಲಿಲ್ಲ. ಹೆಜ್ಜೆ ನಿಧಾನ ಮಾಡಿ, ಅವಳ ಮುಂದೆ ನಿಂತು, ಹಲ್ಲು ಬಿಟ್ಟೆ.

ವಿನ್ನಿ ನನ್ನನ್ನು ಎಂದೂ ಕಂಡಿರದವಳಂತೆ ನೋಡಿದಳು.

"ಒಂಬತ್ತು" ಎಂದಳು. "ದಾರಿ ಬಿಡು, ಚಿನ್ನಾ."