ನಲವತ್ತೆರಡು ಸೆಕೆಂಡಿನ ಓದು

ಎಂಟನೇ ಮಹಡಿಯ ಸಮಯದ ಮೇಷ್ಟ್ರು, ಲಿಫ್ಟಿನ ಹುಡುಗಿ ತಮಗೆ ಶಾಪ ಹಾಕುತ್ತಿದ್ದಾಳೆಂದು ಸುಮಾರು ಮೂರು ತಿಂಗಳು ನಂಬಿದ್ದರು. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಅವರು ಒಳಗೆ ಕಾಲಿಟ್ಟರೆ ಸಾಕು, ಆಕೆ ಬಾಗಿಲು ಎಳೆದು, ಗುಂಡಿ ಒತ್ತಿ, ಬೆನ್ನು ತಿರುಗಿಸಿ ನಿಂತು, ತುಟಿಯಲ್ಲೇ ಏನೋ ಗೊಣಗತೊಡಗುವಳು. ಎಂಟನೇ ಮಹಡಿ ಬಂದಾಗ ಗೊಣಗಾಟ ನಿಲ್ಲುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಮ್ಮ ಮೇಷ್ಟ್ರು. ಹಿಂದೊಮ್ಮೆ ಆಕೆಯೆದುರು ‘ಈ ಲಿಫ್ಟು ಬಲು ನಿಧಾನ’ ಅಂದದ್ದು ನೆನಪಾಯಿತು. ಅಷ್ಟಕ್ಕೇ ಶಾಪವೇ ಎಂದು ನೊಂದುಕೊಂಡು ಕಟ್ಟಡದ ಮ್ಯಾನೇಜರಿಗೆ ದೂರು ಕೊಟ್ಟರು.

ಮ್ಯಾನೇಜರು ದೂರನ್ನು ಪೂರ್ತಿ ಕೇಳಿ, “ಶಾಪ ಅಲ್ಲ ಸಾರ್, ಸಂಖ್ಯಾಶಾಸ್ತ್ರ” ಅಂದರು.

ಸಮಯದ ಮೇಷ್ಟ್ರು ಅನ್ನುವುದು ಕಟ್ಟಡದವರು ಇಟ್ಟ ಹೆಸರು. ಕಾಲೇಜು ಹುಡುಗರು ಹೊತ್ತನ್ನು ಹೇಗೆ ಹೊಂದಿಸಿಕೊಳ್ಳಬೇಕು, ಓದುವ ಹುಮ್ಮಸ್ಸನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಅವರು ಪಾಠ ಹೇಳುತ್ತಿದ್ದರು. ಆರು ವಾರ, ದಿನಕ್ಕೆ ಎರಡು ಗಂಟೆ, ಮೇಲೆ ಹೋಮ್‌ವರ್ಕು. ಸೇರಿದವರಿಗೆ ಆ ಆರು ವಾರ ಕಾಲೇಜಿನ ಪುಸ್ತಕ ಮುಟ್ಟಲು ಪುರುಸೊತ್ತು ಸಿಗುತ್ತಿರಲಿಲ್ಲ ಅನ್ನುವುದೊಂದು ಬಿಟ್ಟರೆ ಆ ಪಾಠದ ಬಗ್ಗೆ ಯಾರೂ ಕೆಟ್ಟ ಮಾತಾಡಿದ್ದಿಲ್ಲ.

ಹುಡುಗಿಗೆ ಎಂಟರಿಂದ ನಾಲ್ಕರವರೆಗೆ ಲಿಫ್ಟು, ಐದರಿಂದ ಸಂಜೆ ಕಾಲೇಜು, ಆಮೇಲೆ ಚಿಕ್ಕಮ್ಮನ ಮನೆಯ ಪಾತ್ರೆ. ಡಿಗ್ರಿಯ ಕೊನೆಯ ವರ್ಷ. ಮೊದಲ ವರ್ಷದ ಸಂಖ್ಯಾಶಾಸ್ತ್ರವೊಂದು ಮಾತ್ರ ಎರಡು ಸಲ ಕೈಕೊಟ್ಟು ಬೆನ್ನಿಗಂಟಿಕೊಂಡಿತ್ತು. ಆ ಎರಡೂ ಸಲ ಆಕೆ ಕೆಲಸಕ್ಕೆ ಹೋಗುತ್ತಿರಲಿಲ್ಲ, ಕೈತುಂಬ ಬಿಡುವಿತ್ತು. ಮೂರನೆಯ ಸಲವೂ ಫೇಲಾದರೆ ನಿಯಮದಂತೆ ಸೀಟು ರದ್ದು. ಮೂರು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಮರುದಿನ ಮೇಷ್ಟ್ರು ಕತ್ತು ಉದ್ದ ಮಾಡಿ ನೋಡಿದರು. ಗುಂಡಿಗಳ ಪಕ್ಕ ಬೆರಳಗಲದ ಚೀಟಿ ಅಂಟಿಸಿತ್ತು. ನಡುವೆ ಯಾರೂ ಹತ್ತದಿದ್ದರೆ ಎಂಟನೇ ಮಹಡಿಗೆ ನಲವತ್ತೆರಡು ಸೆಕೆಂಡು. ಹತ್ತುವಾಗ ಚೀಟಿ ನೋಡಿ ಓದುವುದು, ಇಳಿಯುವಾಗ ನೋಡದೆ ಒಪ್ಪಿಸುವುದು. ಸೂತ್ರ ದೊಡ್ಡದಾದರೆ ಅಂಶ ನಾಲ್ಕನೇ ಮಹಡಿಯವರೆಗೆ, ಛೇದ ಎಂಟರವರೆಗೆ. ದಿನಕ್ಕೆ ಹೀಗೆ ಅರವತ್ತು ಸಲ. ಏಳನೇ ಮಹಡಿಯ ಹಲ್ಲಿನ ಡಾಕ್ಟರ ರೋಗಿಗಳೆಂದರೆ ಆಕೆಗೆ ಗೌರವ. ಅವರು ಹೋಗುವಾಗ ಭಯಕ್ಕೆ ಮಾತಾಡುತ್ತಿರಲಿಲ್ಲ, ಬರುವಾಗ ಬಾಯಲ್ಲಿ ಹತ್ತಿ ಇರುತ್ತಿತ್ತು. ಎರಡನೇ ಮಹಡಿಯ ವಿಮಾ ಕಚೇರಿಯವರನ್ನು ಕಂಡರೆ ಆಗದು. ಅವರು ಹತ್ತಿ ಇಳಿಯುವಷ್ಟರಲ್ಲಿ ಒಂದು ವ್ಯಾಖ್ಯೆಯ ‘ಎಂದರೆ’ ಕೂಡ ಮುಗಿಯುತ್ತಿರಲಿಲ್ಲ.

ತಪ್ಪು ತಿಳಿದ ನಾಚಿಕೆಗೆ ಮೇಷ್ಟ್ರು ಉಪಕಾರಕ್ಕಿಳಿದರು. ಪರೀಕ್ಷೆಗೆ ಹದಿನೈದು ದಿನವಿತ್ತು. ಮ್ಯಾನೇಜರನ್ನು ಕಾಡಿ ಆ ಹದಿನೈದು ದಿನವೂ ಆಕೆಗೆ ರಜೆ ಕೊಡಿಸಿದರು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ನಾಲ್ಕು ಬಣ್ಣದ ವೇಳಾಪಟ್ಟಿಯನ್ನೂ ಬರೆದುಕೊಟ್ಟರು. ನೀಲಿ ಓದು, ಹಸಿರು ಮನನ, ಹಳದಿ ವಿಶ್ರಾಂತಿ, ಕೆಂಪು ಆತ್ಮಾವಲೋಕನ. ದಿನಕ್ಕೆ ಹನ್ನೊಂದು ಗಂಟೆ ಸಿಗುತ್ತದೆ ಎಂದು ಕೂಡಿಸಿ ತೋರಿಸಿದರು.

“ಅಷ್ಟೊಂದು ಗಂಟೆ ಇಟ್ಕೊಂಡು ಏನ್ ಮಾಡ್ಲಿ ಸಾರ್?” ಎಂದು ಹುಡುಗಿ ಕೇಳಿದಳು. ಮೇಷ್ಟ್ರು ಇದನ್ನು ವಿನಯವೆಂದುಕೊಂಡರು.

ರಜೆಯ ಆರನೆಯ ದಿನ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಅದೇ ಹುಡುಗಿ, ಅದೇ ಬೂದು ಬಣ್ಣದ ಅಂಗಿ, ಗುಂಡಿಗಳ ಪಕ್ಕ ಹೊಸ ಚೀಟಿ.

“ಇನ್ನೂ ಹತ್ತು ದಿನ ರಜೆ ಇತ್ತಲ್ಲಮ್ಮ.”

“ವಾಪಸ್ ಕೊಟ್ಬಿಟ್ಟೆ ಸಾರ್.”

ಕಾರಣವನ್ನು ಆಕೆ ಮೂರನೇ ಮಹಡಿಯಿಂದ ಎಂಟರವರೆಗೆ ಹೇಳಿ ಮುಗಿಸಿದಳು. ಮೊದಲ ದಿನ ಚಿಕ್ಕಮ್ಮ, “ಹೇಗೂ ಮನೇಲೇ ಇದ್ದೀಯಲ್ಲ, ಸಿಲಿಂಡರ್ ಬರುತ್ತೆ, ಇಳಿಸ್ಕೋ” ಅಂದಳು. ಎರಡನೆಯ ದಿನ ಹೇಗೂ ಮನೆಯಲ್ಲೇ ಇದ್ದಾಳೆಂದು ಚಿಕ್ಕಮ್ಮನ ಮಗಳು ಕೂಸನ್ನು ಬಿಟ್ಟುಹೋದಳು. ಮೂರನೆಯ ದಿನ ಪಕ್ಕದ ಮನೆಯವರು ಬೀಗದ ಕೈ ಕೊಟ್ಟು, ನಲ್ಲಿ ರಿಪೇರಿಯವನು ಬಂದರೆ ನಿಂತು ಮಾಡಿಸು ಅಂದರು. ನಾಲ್ಕನೆಯ ದಿನದ ಹೊತ್ತಿಗೆ ಆಕೆ ಮನೆಯಲ್ಲಿರುವ ಸುದ್ದಿ ಆಕೆಗೆ ಪರಿಚಯವೇ ಇಲ್ಲದವರಿಗೂ ಮುಟ್ಟಿತ್ತು. ಮಿಕ್ಕ ಹೊತ್ತಿನಲ್ಲಿ ಆಕೆ, ಸಂಜೆ ಇದೆಯಲ್ಲ ಅಂದುಕೊಂಡಳು. ಸಂಜೆಯಾದಾಗ, ನಾಳೆ ಇದೆಯಲ್ಲ ಅಂದುಕೊಂಡಳು. ಐದು ದಿನಕ್ಕೆ ತಲೆಗೆ ಹತ್ತಿದ್ದು ಎರಡು ವ್ಯಾಖ್ಯೆ, ಅದರಲ್ಲೂ ಒಂದು ಮೊದಲೇ ಬರುತ್ತಿತ್ತು.

ಇದನ್ನೆಲ್ಲ ಹೇಳಿದ್ದರಿಂದ ಒಂದು ಟ್ರಿಪ್ಪು ಹಾಳಾಯಿತೆಂದೂ ಕೊನೆಗೆ ಸೇರಿಸಿದಳು.

ಅಂದಿನಿಂದ ಪರೀಕ್ಷೆಯವರೆಗೆ ಮೇಷ್ಟ್ರು ದಿನಾ ಆ ಲಿಫ್ಟಿನಲ್ಲಿ ನಲವತ್ತೆರಡು ಸೆಕೆಂಡು ಬಾಯಿ ಮುಚ್ಚಿಕೊಂಡು ನಿಂತರು. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಅಷ್ಟು ಕಷ್ಟದ ಕೆಲಸ ಅವರು ಮಾಡಿರಲಿಲ್ಲ. ಒಂದು ದಿನ ಮಾತ್ರ ತಡೆಯಲಾರದೆ, “ನೋಡಮ್ಮ, ಏಕಾಗ್ರತೆ ಅಂದ್ರೆ” ಎಂದು ಶುರು ಮಾಡಿದರು. ಹುಡುಗಿ ತಿರುಗದೆ ಒಂದು ಬೆರಳೆತ್ತಿದಳು. ಆಗ ಛೇದ ನಡೆಯುತ್ತಿತ್ತು. ಮೇಷ್ಟ್ರು ಏಕಾಗ್ರತೆಯನ್ನು ನುಂಗಿಕೊಂಡರು. ಅದೇ ವಾರ ವಿಮಾ ಕಚೇರಿಯವರ ಬಳಿ ಹೋಗಿ, ಎರಡು ಮಹಡಿ ಮೆಟ್ಟಿಲು ಹತ್ತುವುದು ಹೃದಯಕ್ಕೆ ಬಹಳ ಒಳ್ಳೆಯದೆಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟು ಬಂದರು. ಉಪನ್ಯಾಸ ಮುಗಿಸಿದ ಮೇಲೆ ತಾವು ಲಿಫ್ಟು ಹತ್ತಿದ್ದರಿಂದ ಯಾರೂ ಅದನ್ನು ನಂಬಲಿಲ್ಲ.

ಪಾಸಾಗಲು ಮೂವತ್ತೈದು ಬೇಕಿತ್ತು, ಆಕೆಗೆ ಮೂವತ್ತೆಂಟು ಬಂತು. ಸೀಟು ಉಳಿಯಿತು. ಚಿಕ್ಕಮ್ಮ ಆ ದಿನ ಪಾತ್ರೆ ತಾನೇ ತೊಳೆದಳಂತೆ.

ಮೇಷ್ಟ್ರಿಗೆ ಇದು ತಮ್ಮದೇ ಗೆಲುವೆಂಬಷ್ಟು ಸಂತೋಷ. ಹುಡುಗರೆದುರು ನಾಲ್ಕು ಮಾತಾಡು ಬಾ ಎಂದು ಬಲವಂತ ಮಾಡಿದರು. ಗೇಟಿನ ಕಾವಲುಗಾರನನ್ನು ಹತ್ತು ನಿಮಿಷ ಲಿಫ್ಟಿಗೆ ನಿಲ್ಲಿಸಿ ಆಕೆ ಬಂದಳು. ಮೇಷ್ಟ್ರ ಪರಿಚಯ ಭಾಷಣಕ್ಕೆ ಎಂಟು ನಿಮಿಷ ಹೋಯಿತು. ಛಲ, ಧ್ಯೇಯ, ಒಳಗಿನ ಕಿಡಿ, ಎಲ್ಲ ಬಂದುಹೋದವು. ಮೂವತ್ತು ಹುಡುಗರು ನೋಟ್‌ಬುಕ್ಕು ತೆರೆದು, ಕೆಂಪು ಪೆನ್ನು ಹಿಡಿದು ಕಾದರು. ಹುಡುಗಿ ಬಾಗಿಲ ಕಡೆ ನೋಡುತ್ತಿದ್ದಳು.

ಕೊನೆಗೆ ಮೇಷ್ಟ್ರು ದನಿ ತಗ್ಗಿಸಿ ಕೇಳಿದರು: “ದಿನಾ ಓದ್ಬೇಕು ಅನ್ನೋ ಸ್ಫೂರ್ತಿ ನಿನಗೆ ಎಲ್ಲಿಂದ ಬರುತ್ತಮ್ಮ?”

“ಬರಲ್ಲ ಸಾರ್. ಅದು ಬರ್ಲಿ ಅಂತ ಕಾಯ್ತಾ ಕೂತಿದ್ದಕ್ಕೇ ಎರಡು ಸಲ ಫೇಲಾಗಿದ್ದು.”