ಅಮ್ಮ ಹೆಸರು ಹೇಳಿದ ದಿನ

ಅಮ್ಮ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆರ್.ಟಿ. ನಗರದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ತಣಿಸಂದ್ರದ ಹಳೇ ಊರಿನೊಳಗಿನ ಮನೆ. ರಾಗಿ ಹೊಲ ಇದ್ದ ಕಡೆ ಈಗ ಅಪಾರ್ಟ್‌ಮೆಂಟುಗಳಿವೆ. ಊರು ಬದಲಾದರೂ ಅಮ್ಮನ ಕೆಲವು ಪದ್ಧತಿಗಳು ಬದಲಾಗಲಿಲ್ಲ. ಅವಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸಿಲಲ್ಲಿ ಅಡ್ಡಗಟ್ಟಿ ಬಲವಂತ ಮಾಡಿದಾಗ ಒಮ್ಮೆ ಪಿಸುಗುಟ್ಟಿದ್ದಳಂತೆ, ಅಷ್ಟೇ. ಅಪ್ಪ ಅವಳಿಗೆ ‘ನಮ್ಮೋರು’, ಎದುರಿಗಿದ್ದರೆ ‘ಇಲ್ನೋಡಿ’. ಹಾಲು ಹಾಕುವವನ ಹೆಸರೂ ಅಪ್ಪನದೇ ಆಗಿತ್ತು. ಅಮ್ಮ ಅವನಿಗೆ ಹಾಲಿನಪ್ಪ ಎಂದು ಹೊಸದಾಗಿ ನಾಮಕರಣ ಮಾಡಿದಳು, ಅವನೂ ಪಾಪ ಓಗೊಡುತ್ತಿದ್ದ. ರೇಷನ್ ಕಾರ್ಡಿನ ಗುಮಾಸ್ತ ಯಜಮಾನರ ಹೆಸರು ಕೇಳಿದರೆ ನನ್ನ ಪಕ್ಕೆ ತಿವಿದು “ನೀನೇ ಹೇಳೇ” ಎನ್ನುತ್ತಿದ್ದಳು.

ಮರೆವು ಶುರುವಾದದ್ದು ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದರಿಂದ. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆವು. ಆಲ್ಜೈಮರ್ ಕಾಯಿಲೆ ಎಂದರು. ವಾಸಿಯಾಗುವುದಲ್ಲ, ಮಾತ್ರೆ ಕೊಡುತ್ತೇವೆ, ಪ್ರೀತಿಯಿಂದ ನೋಡಿಕೊಳ್ಳಿ ಎಂದು ಅಲ್ಲಿನ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ನನ್ನ ತಮ್ಮನಿಗೆ ಸಮಾಧಾನವಾಗಲಿಲ್ಲ. ಅವನು ಮನೆ ಕಟ್ಟಿಸಿ ಮಾರುವವನು. ಯಾವ ಕೆಲಸಕ್ಕಾದರೂ ಒಬ್ಬ ಕಾಂಟ್ರ್ಯಾಕ್ಟರ್ ಸಿಕ್ಕೇ ಸಿಗುತ್ತಾನೆ ಎಂದು ನಂಬಿದವನು.

“ಅಕ್ಕಾ, ಆರ್.ಟಿ. ನಗರದಲ್ಲಿ ಒಂದು ಕ್ಲಿನಿಕ್ ಇದೆ. ಆಪರೇಷನ್ ಇಲ್ಲ, ಇಂಜೆಕ್ಷನ್ ಇಲ್ಲ. ತಲೆ ಹತ್ರ ಮ್ಯಾಗ್ನೆಟ್ ಹಿಡೀತಾರೆ, ಅಷ್ಟೇ. ನೆನಪು ವಾಪಸ್ ಬರುತ್ತಂತೆ ಕಣಕ್ಕ” ಎಂದ.

ನಾನು ಯಲಹಂಕದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಆ ಯಂತ್ರದ ಮೇಲೆ ನನಗೆ ಆಗಲೂ ದ್ವೇಷವಿರಲಿಲ್ಲ, ಈಗಲೂ ಇಲ್ಲ. ಸುತ್ತಿದ ತಂತಿಯಲ್ಲಿ ಕರೆಂಟು ಹರಿದರೆ ಕಾಂತಶಕ್ತಿ ಹುಟ್ಟುತ್ತದೆ. ಅದು ತಲೆಬುರುಡೆ ದಾಟಿ ಮೆದುಳಿನ ನರಗಳನ್ನು ಮೆಲ್ಲಗೆ ತಟ್ಟುತ್ತದೆ. ಸರ್ಕಾರಿ ಆಸ್ಪತ್ರೆಯ ವೈದ್ಯರನ್ನೇ ಕೇಳಿದೆ. “ಮಾಡ್ಸಿ ಬೇಕಾದ್ರೆ, ಅಪಾಯ ಕಮ್ಮಿ. ಆದ್ರೆ ಮರೆವಿನ ಕಾಯಿಲೆಗೆ ಇದಿನ್ನೂ ಸಂಶೋಧನೆ ಹಂತದಲ್ಲೇ ಇದೆ. ಭರವಸೆ ಕೊಡೋರ ಹತ್ರ ಮಾತ್ರ ಹುಷಾರಾಗಿರಿ” ಎಂದರು. ಆರ್.ಟಿ. ನಗರದವರು ಭರವಸೆ ಬಿಟ್ಟು ಬೇರೇನನ್ನೂ ಕೊಡಲಿಲ್ಲ.

ಮೊದಲ ದಿನ ನೆನಪಿನ ಪರೀಕ್ಷೆ. ಬಿಳಿ ಕೋಟಿನ ಹುಡುಗಿಯೊಬ್ಬಳು ಅಮ್ಮನೆದುರು ಕೂತಳು. ಅಪ್ಪನನ್ನು ಹೊರಗೆ ಕೂರಿಸಿದ್ದರು.

“ಅಜ್ಜಿ, ಇದು ಯಾವ ತಿಂಗಳು?”

“ಆಸಾಡ ಅಲ್ವೇನವ್ವಾ?”

ಆಷಾಢವೇ ಆಗಿತ್ತು. ಹುಡುಗಿಗೆ ಜುಲೈ ಬೇಕಿತ್ತು. ತಪ್ಪು ಹಾಕಿದಳು.

“ನಿಮ್ಮ ಯಜಮಾನ್ರ ಹೆಸರೇನು?”

ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಪ್ಪ ಕೂತಿದ್ದ ಕಡೆಯ ಬಾಗಿಲನ್ನು ಓರೆಗಣ್ಣಿನಿಂದ ನೋಡಿದಳು. ಆಮೇಲೆ ನನ್ನ ಪಕ್ಕೆ ತಿವಿದಳು. ಗಂಡ ಯಾರು, ಎಲ್ಲಿದ್ದಾನೆ, ಅವನ ಹೆಸರನ್ನು ಏಕೆ ಹೇಳಬಾರದು, ಯಾರ ಕೈಲಿ ಹೇಳಿಸಬೇಕು, ಅಷ್ಟೂ ಅವಳಿಗೆ ಗೊತ್ತಿತ್ತು. ಇದಕ್ಕಿಂತ ಸರಿಯಾದ ಉತ್ತರ ಇನ್ಯಾವುದಿದೆ?

“ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳೋದಿಲ್ಲಮ್ಮ” ಎಂದೆ.

“ಪ್ಲೀಸ್ ಮೇಡಂ, ಜೊತೇಲಿ ಬಂದೋರು ಆನ್ಸರ್ ಹೇಳ್ಕೊಡಬಾರ್ದು.”

“ಆನ್ಸರ್ ಅಲ್ಲ, ನಿಮ್ಮ ಪ್ರಶ್ನೆ ತಪ್ಪು ಅಂತ ಹೇಳ್ತಿದೀನಿ.”

ಅವಳು ಸೊನ್ನೆ ಹಾಕಿದಳು. ನಾನು ವರ್ಷವೆಲ್ಲ ಪ್ರಶ್ನೆಪತ್ರಿಕೆ ತಯಾರಿಸುವವಳು. ತಣಿಸಂದ್ರದಿಂದ ಚಿಕ್ಕಬಾಣಾವರದ ತನಕ ಹಳೇ ಊರುಗಳ ಯಾವ ಅಜ್ಜಿಯನ್ನು ಕೂರಿಸಿದ್ದರೂ ಅಲ್ಲಿ ಸೊನ್ನೆಯೇ ಬರುತ್ತಿತ್ತು. ಆ ಪ್ರಶ್ನೆ ಬರೆದವರು ಯಾವ ಊರಿನ ಅಜ್ಜಿಯನ್ನು ಕಂಡಿದ್ದರೋ ದೇವರಿಗೇ ಗೊತ್ತು.

ಅಲ್ಲಿಂದ ಯಂತ್ರದ ಕೋಣೆಗೆ. ತಲೆ, ಕುತ್ತಿಗೆಯ ಹತ್ತಿರ ಲೋಹವೇನೂ ಇರಬಾರದು ಎಂದರು. ಅಮ್ಮ ಓಲೆ, ಮೂಗುಬೊಟ್ಟು ಬಿಚ್ಚಿಕೊಟ್ಟಳು. ತಾಳಿಸರಕ್ಕೆ ಕೈ ಚಾಚಿದಾಗ ಮಾತ್ರ ಎರಡೂ ಮುಷ್ಟಿಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

“ಮುಟ್ಬೇಡಿ. ನಮ್ಮೋರನ್ನ ಕರೀರಿ.”

ಅಪ್ಪ ಒಳಗೆ ಬಂದರು, ವಿಷಯ ತಿಳಿದು ಬೀದಿಗೆ ಹೋದರು. ಅರಿಶಿನದ ಕೊಂಬು, ಹಳದಿ ದಾರ ತಂದರು. ಮುತ್ತೈದೆಯ ಕೊರಳು ಒಂದು ಗಳಿಗೆಯೂ ಬರಿದಾಗಬಾರದಲ್ಲ. ಮೊದಲು ದಾರದಲ್ಲಿ ಕೊಂಬು ಕಟ್ಟಿ ಅವಳ ಕೊರಳಿಗೆ ಹಾಕಿ, ಆಮೇಲೆ ಸರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಮ್ಮ ಕೊರಳು ಬಾಗಿಸಿ ಸುಮ್ಮನೆ ನಿಂತಿದ್ದಳು. ಕ್ಲಿನಿಕ್ಕಿನ ಡಾಕ್ಟರು ಮಾತ್ರ ಗಡಿಯಾರ ನೋಡುತ್ತ, “ಪೇಷೆಂಟ್ ಸಹಕರಿಸ್ತಿಲ್ಲ” ಎಂದು ಯಾರಿಗೋ ಹೇಳುತ್ತಿದ್ದರು.

ಆಮೇಲಿನ ವಾರಗಳೆಲ್ಲ ಒಂದೇ ತರಹ. ಅಮ್ಮನ ಕೊರಳಲ್ಲಿ ಅರಿಶಿನದ ದಾರ, ಅಪ್ಪನ ಜೇಬಿನಲ್ಲಿ ತಾಳಿಸರ. ಅಗೆದು ಬಿಟ್ಟ ತಣಿಸಂದ್ರದ ರಸ್ತೆ, ನಾಗವಾರದ ಸಿಗ್ನಲ್, ಆ ಕುರ್ಚಿ, ತಲೆಯ ಪಕ್ಕ ಟಕಟಕ ಸದ್ದು. “ಯಾರೋ ಬಾಗ್ಲು ತಟ್ತಾವ್ರೆ, ಯಾರಾದ್ರೂ ತೆಗೀರಿ” ಎಂದು ಅಮ್ಮ ಎದ್ದೇಳಲು ಹೋಗುತ್ತಿದ್ದಳು. ಕೊನೆಕೊನೆಗೆ ಅದನ್ನೂ ಹೇಳಲಿಲ್ಲ. ಕಲ್ಲಿನ ಹಾಗೆ ಕೂತಿರುತ್ತಿದ್ದಳು. ಮನೆಯಲ್ಲಿ ಅಪ್ಪ ಬಂದರೆ ಸೆರಗು ಸರಿಮಾಡಿಕೊಳ್ಳುವುದನ್ನೂ ಬಿಟ್ಟಿದ್ದಳು. “ಈಗ ಚೆನ್ನಾಗಿ ಸೆಟಲ್ ಆಗಿದಾರೆ” ಎಂದರು ಕ್ಲಿನಿಕ್ಕಿನವರು.

ಕೊನೆಯ ದಿನ ಮತ್ತೆ ಅದೇ ಪರೀಕ್ಷೆ. ಈ ಸಲ ಡಾಕ್ಟರು ಅಪ್ಪನನ್ನೂ ಒಳಗೆ ಕರೆದು ಅಮ್ಮನ ಪಕ್ಕದಲ್ಲೇ ಕೂರಿಸಿದರು. ತಮ್ಮ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದ.

“ಅಜ್ಜಿ, ನಿಮ್ಮ ಯಜಮಾನ್ರ ಹೆಸರು ಹೇಳಿ?”

ಅಮ್ಮ ಎದುರಿನ ಗೋಡೆ ನೋಡುತ್ತ ಹೇಳಿದಳು. ಊರಿನ ಹೆಸರು, ಅಪ್ಪನ ಅಪ್ಪನ ಹೆಸರು, ಅಪ್ಪನ ಹೆಸರು, ಮೂರನ್ನೂ ಸೇರಿಸಿ ಮತದಾರರ ಪಟ್ಟಿ ಓದಿದ ಹಾಗೆ. ನಗಲಿಲ್ಲ, ಸೆರಗು ಮುಟ್ಟಲಿಲ್ಲ, ನನ್ನನ್ನು ತಿವಿಯಲಿಲ್ಲ.

ಚಪ್ಪಾಳೆ ಬಿದ್ದಿದ್ದು ಆಗ. “ನೋಡಿದ್ರಾ? ಸೊನ್ನೆ ಇದ್ದ ಕಡೆ ಫುಲ್ ಮಾರ್ಕ್ಸ್!” ಎಂದರು ಡಾಕ್ಟರು. ಇದು ಉಳಿಯಬೇಕಾದರೆ ಇನ್ನೊಂದು ಸುತ್ತು ಮಾಡಿಸಿ ಎಂದೂ ಸೇರಿಸಿದರು. ತಮ್ಮನ ಕಣ್ಣಲ್ಲಿ ನೀರಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನನಗೆ ಸಿಟ್ಟು ಬಂದದ್ದು ಆ ಹುಲ್ಲುಕಡ್ಡಿಯನ್ನೇ ದೋಣಿ ಎಂದು ಮಾರುವವರ ಮೇಲೆ. ಯಂತ್ರದಿಂದ ಅವಳಿಗೆ ಹೀಗಾಯಿತೆಂದು ನಾನು ಹೇಳುವುದಿಲ್ಲ. ಕಾಯಿಲೆ ತನ್ನ ದಾರಿ ತಾನು ಹಿಡಿದಿತ್ತು. ಆದರೆ ಅಮ್ಮ ಕಳೆದುಕೊಂಡದ್ದನ್ನು ಗಳಿಕೆಯ ಲೆಕ್ಕಕ್ಕೆ ಹಾಕಿ ಬೀಗುತ್ತಿದ್ದರಲ್ಲ, ಅದನ್ನು ಹೇಗೆ ಸಹಿಸುವುದು?

“ನಮ್ಮಮ್ಮ ಹೆಸರು ನೆನಪು ಮಾಡ್ಕೊಳ್ಲಿಲ್ಲ ಡಾಕ್ಟ್ರೇ, ಹೇಳಬಾರ್ದು ಅನ್ನೋದನ್ನ ಮರೆತ್ಳು” ಎಂದೆ.

“ಮೇಡಂ, ನೀವು ಎಮೋಷನಲ್ ಆಗ್ತಿದೀರ. ಸ್ಕೋರ್ ನೋಡಿ.”

ಅಪ್ಪ ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಇನ್ನು ಅರಿಶಿನದ ದಾರ ಸಾಕೆಂದು ಜೇಬಿನಿಂದ ತಾಳಿಸರ ತೆಗೆದು ಅಮ್ಮನ ಕೊರಳ ಹತ್ತಿರ ತಂದರು. ಅಮ್ಮ ಬೆಚ್ಚಿ ಹಿಂದೆ ಸರಿದಳು. ಅರಿಶಿನದ ಕೊಂಬನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು.

“ನೀವ್ಯಾರು ಆಕೋಕೆ? ಮುಟ್ಬೇಡಿ. ನಮ್ಮೋರು ಆಚೆ ಕೂತವ್ರೆ, ಅವ್ರನ್ನ ಕರೀರಿ.”

ತಮ್ಮ ಫೋನು ಕೆಳಗಿಳಿಸಿದ. ಹೆಸರು ಕೇಳಿದವರಾರೂ ಪಕ್ಕದಲ್ಲಿದ್ದ ಅಪ್ಪನನ್ನು ತೋರಿಸಿ, “ಅಜ್ಜಿ, ಇವರು ಯಾರು?” ಎಂದು ಒಂದು ಸಲವೂ ಕೇಳಿರಲಿಲ್ಲ.

ಅಪ್ಪ ಸರವನ್ನು ಅಂಗೈಯಲ್ಲಿ ಮುಚ್ಚಿಕೊಂಡರು. “ಕರೀತೀನಿ ಇರವ್ವಾ” ಎಂದು ಹೇಳಿ ಹೊರಗೆ ಹೋದರು, ಬಾಗಿಲು ಹಾಕಿಕೊಂಡರು. ಮತ್ತೆ ಬಾಗಿಲು ತೆರೆದು ಒಳಗೆ ಬಂದರು.

“ಕರೆದ್ಯಂತೆ?”

ಅಮ್ಮ ಅವರನ್ನು ನೋಡಿದಳು. ಸೆರಗನ್ನು ತಲೆಯ ಮೇಲೆಳೆದುಕೊಂಡಳು.

“ಎಲ್ಲೋಗಿದ್ರಿ ಇಷ್ಟೊತ್ತು?” ಎಂದು ಕೊರಳು ಬಾಗಿಸಿದಳು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.