ತೊಗರಿ ಕಟ್ಟಿಗೆಯ ಹುಳ

ತೆಂಗಳಿಯ ಸುಂದರಬಾಯಿಗೆ ಐವತ್ತೆಂಟು ವರ್ಷ. ತೊಗರಿ ರಾಶಿ ಮುಗಿದ ಮೇಲೆ ಉಳಿಯುವ ಕಟ್ಟಿಗೆಯಿಂದ ಬುಟ್ಟಿ ಹೆಣೆಯುವುದು ಅವರ ಕೆಲಸ. ಬದುವಿನ ಜಾಲಿ ಗಿಡದ ಕೆಳಗೆ ಬುತ್ತಿ ಬಿಚ್ಚಿದಾಗಲೆಲ್ಲ ಅವರು ಒಂದು ಹುಳವನ್ನು ನೋಡುತ್ತಿದ್ದರು. ಬೆರಳ ಗೆಣ್ಣಿನಷ್ಟು ಉದ್ದ. ಸಣ್ಣ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ, ತನ್ನದೇ ಎಳೆಯಿಂದ ಬಿಗಿದು, ಆ ಮನೆಯನ್ನು ಹೊತ್ತುಕೊಂಡೇ ಕೊಂಬೆಯ ಮೇಲೆ ತೆವಳುತ್ತದೆ. "ನನಕಿಂತ ಛಲೋ ಹೆಣಿತದ್ರಿ" ಎಂದು ಶಾಲೆಯ ವಿಜ್ಞಾನ ಶಿಕ್ಷಕಿ ಶಿವರಂಜನಿಗೆ ಅದನ್ನು ತೋರಿಸಿದವರೂ ಅವರೇ.

ಈ ಫೆಬ್ರುವರಿಯ ವಿಜ್ಞಾನ ದಿನಕ್ಕೆ ಆ ಹುಳದ ಮನೆಯನ್ನು ಎರಡಾಳೆತ್ತರ ಮಾಡಿ ಬಸ್ ನಿಲ್ಲುವ ಜಾಗದಲ್ಲಿ ನಿಲ್ಲಿಸಿಕೊಡಿ ಎಂದು ಶಿಕ್ಷಕಿ ಕೇಳಿದರು. ಅಷ್ಟು ಕಟ್ಟಿಗೆ ಒಬ್ಬರ ಮನೆಯಲ್ಲಿರುವುದಿಲ್ಲ. ಸುಂದರಬಾಯಿ ತಮ್ಮದೊಂದು ಹೊರೆಯ ಜೊತೆಗೆ ಓಣಿಯ ಇಪ್ಪತ್ತು ಮನೆಗಳಿಂದ ಒಂದೊಂದು ಹೊರೆ ತಂದರು. ಒಲೆಗೆಂದು ಇಟ್ಟುಕೊಂಡ ಕಟ್ಟಿಗೆ ಅದು. ಎಂಟು ದಿನವಾದ ಮೇಲೆ ಯಾರ ಹೊರೆ ಅವರಿಗೆ ಎಂದು ಮಾತು ಕೊಟ್ಟಿದ್ದರು.

ಕೆಲಸ ಹಿಡಿದ ಮೇಲೆ ಕೊಟ್ಟ ಮಾತು ಮರೆತುಹೋಯಿತು. ಬುಡಕ್ಕೆ ದಪ್ಪನೆಯವು, ತುದಿಗೆ ತೆಳ್ಳನೆಯವು ಬೇಕಿದ್ದವು. ಎಲ್ಲವನ್ನೂ ಒಟ್ಟಿಗೆ ಸುರಿದು ಗಾತ್ರದಂತೆ ಆರಿಸಿದರು. ಹುಳ ಎದ್ದು ನಿಂತಿತು. ಸೇಡಂ ಬಸ್ಸಿನವರು ಇಳಿದು ಫೋಟೊ ತೆಗೆದುಕೊಂಡರು.

ಒಂಬತ್ತನೆಯ ದಿನ ಬೆಳಿಗ್ಗೆ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಅನಸುಬಾಯಿ.

"ನಮ್ಮ ಹೊರಿ ಯಾವುದವ್ವಾ?"

"ಎಲ್ಲಾ ಕೂಡ್ಯಾವಕ್ಕಾ."

"ಕೂಡ್ಯಾವ ಅಂದ್ರ? ದಪ್ಪನ್ನವು ಎಲ್ಲಾ ನಮ್ಮವು."

"ಹೌದೌದು, ನಿನ್ನ ಹೊಲದಾಗ ತೇಗ ಬೆಳಿತದ!" ಎಂದು ಹಿಂದಿನಿಂದ ಗುರುದೇವಿ ಕೂಗಿದರು.

ಎಲ್ಲರೂ ನಕ್ಕರು, ಸುಂದರಬಾಯಿ ನಗಲಿಲ್ಲ. ಮಾತು ತಪ್ಪಿದರೆ ಇದೇ ಓಣಿಯಲ್ಲಿ ಇನ್ನೊಮ್ಮೆ ಯಾವ ಮುಖದಿಂದ ಕೇಳುವುದು? ಅವರು ಮನೆಗೆ ಹೋಗಿ, ಗೂಟಕ್ಕೆ ತೂಗುಹಾಕಿದ್ದ ಹಗ್ಗಗಳನ್ನು ತಂದರು. ಅಂದು ಕಟ್ಟಿಗೆಯನ್ನಷ್ಟೇ ಎಳೆದುಕೊಂಡಿದ್ದರು, ಗಂಟು ಬಿಚ್ಚಿರಲಿಲ್ಲ. ಹಗ್ಗಗಳು ಬಳೆಯಂತೆ, ಅವರವರ ಹೊರೆಯ ಅಳತೆಗೇ ದುಂಡಗೆ ಉಳಿದಿದ್ದವು. ಹಳೆ ಸೀರೆಯ ಅಂಚು, ನಾರು, ಪ್ಲಾಸ್ಟಿಕ್ ದಾರ. ತಮ್ಮ ಹಗ್ಗ ಯಾವುದೆಂದು ಯಾರಿಗೂ ಅನುಮಾನ ಬರಲಿಲ್ಲ.

"ನಿಮ್ಮ ನಿಮ್ಮ ಹಗ್ಗ ತುಂಬಿಸ್ಕೋರಿ. ಎಲ್ಲಾರೂ ಮೂರು ತೆಳ್ಳನ್ನವಕ್ಕ ಒಂದು ದಪ್ಪನ್ನದು ತಗೋರಿ."

ಅರ್ಧ ಗಂಟೆಯಲ್ಲಿ ಹುಳ ಕರಗಿತು. ಕೊನೆಗೆ ಉಳಿದದ್ದು ಸುಂದರಬಾಯಿಯ ಹಗ್ಗ. ಬಗ್ಗಿಸುವಾಗ ಮುರಿದ ಕಡ್ಡಿಗಳ ನಷ್ಟವೆಲ್ಲ ಅವರ ಪಾಲಿಗೇ ಬಂದು, ಅರ್ಧ ಹೊರೆಯೂ ತುಂಬಲಿಲ್ಲ.

"ನಿನ್ನ ಹುಳ ನಿನ್ನ ಹೊರಿನೇ ತಿಂದದ ನೋಡು" ಎಂದರು ಅನಸುಬಾಯಿ, ತಮ್ಮದನ್ನು ತಲೆಗೇರಿಸುತ್ತ.

"ತಿನ್ಲಿ ಬಿಡಕ್ಕಾ. ಇವತ್ತು ರೊಟ್ಟಿ ನಿನ್ನ ಒಲಿ ಮ್ಯಾಲೆ ಮಾಡ್ತೀನಿ. ದಪ್ಪನ್ನ ಕಟಗಿ ಅಲ್ಲೇ ಅವಲ್ಲ!"